ದಾದಿಯರು ಅರಿವಳಿಕೆಯ ಕೆಲಸವನ್ನು ಆರಿಸಿಕೊಳ್ಳುವುದೇಕೆ?

ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಲಿನ ತರಗತಿಯವರನ್ನು "ಮುಂದೆ ಏನಾಗುವಿರಿ?" ಎಂದು ಕೇಳಿದರೆ ಕೆಲವರಾದರೂ "ದಾದಿಯಾಗುವೆನು" ಎಂದು ಉತ್ತರ ಕೊಡದೆ ಇರಲಾರರು. ದಾದಿಯ ಕೆಲಸವೆಂದರೆ ಜ್ವರ ನೋಡುವುದು, ಸೂಜಿ ಚುಚ್ಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇಷ್ಟೇ ಎಂದು ಮನೆಯ ಹಿರಿಯರು ತಿಳಿದಿರುವುದುಂಟು. ಆದರೆ ಒಂದೇ ಮರಕ್ಕೆ ಹಲವು ಕೊಂಬೆಗಳಿರುವಂತೆ ಈ ವೃತ್ತಿಗೂ ಅನೇಕ ಶಾಖೆಗಳಿರುವುವು. ಅವುಗಳಲ್ಲಿ ಜನರ ಕಣ್ಣಿಗೆ ಅತಿ ಕಡಿಮೆಯಾಗಿ ಬೀಳುವುದೂ ಅತಿ ಹೆಚ್ಚಿನ ಎಚ್ಚರವನ್ನು ಬೇಡುವುದೂ ಆದ ಶಾಖೆಯು ಅರಿವಳಿಕೆಯದು. ಎಂದರೆ, ಜನರು ಮತ್ತಿನ ಮದ್ದೆಂದು ಕರೆಯುವ ಔಷಧವನ್ನು ಕೊಟ್ಟು, ರೋಗಿಯ ಉಸಿರನ್ನು ಕಾಯುವ ಕೆಲಸ. ದಾದಿಯರು ಇದನ್ನು ಏಕೆ ಬಯಸಿ ಆರಿಸಿಕೊಳ್ಳುವರು ಎಂಬುದನ್ನು ಈ ಲೇಖನದಲ್ಲಿ ವಿವರಿಸುವೆನು.

ಮೊದಲು ಇದರ ಅಗತ್ಯವನ್ನು ನಮ್ಮ ಸೀಮೆಯ ಮಾತಿನಿಂದಲೇ ತಿಳಿಯೋಣ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂರುಗಳ ಸುತ್ತಣ ಒಂದು ಹಳ್ಳಿಯಲ್ಲಿ ಒಬ್ಬ ಗರ್ಭಿಣಿಯು ರಾತ್ರಿಯೆಲ್ಲ ಬೇನೆ ತಿಂದು, ಕೂಸು ಅಡ್ಡವಾಗಿ ನಿಂತು, ಬೆಳಗಿನ ಜಾವ ಆಸ್ಪತ್ರೆಗೆ ಬಂದಳೆಂದು ಎಣಿಸಿರಿ. ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬಲ್ಲ ವೈದ್ಯರು ಅಲ್ಲಿರಬಹುದು, ಶಸ್ತ್ರಗಳೂ ಇರಬಹುದು. ಆದರೆ ಅರಿವಳಿಕೆ ಕೊಡುವವರು ಇಲ್ಲದಿದ್ದರೆ ಶಸ್ತ್ರವು ಪೆಟ್ಟಿಗೆಯಲ್ಲಿಯೇ ಉಳಿಯುವುದು. ಆಗ ಆಕೆಯನ್ನು ಗಾಡಿಯಲ್ಲಿ ಮಲಗಿಸಿ ರಾಯಚೂರಿಗೆ ಸಾಗಿಸಬೇಕು. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಆ ದಾರಿಯು ಸುಮಾರು 80ರಿಂದ 90 ಕಿಲೊಮೀಟರು. ರಕ್ತ ಹೋಗುತ್ತಿರುವ ತಾಯಿಗೆ ಆ ದಾರಿ ಎಷ್ಟು ಉದ್ದವೆಂಬುದನ್ನು ಹೇಳಬೇಕಾದುದಿಲ್ಲ.

ಅರಿವಳಿಕೆಯು ಬರುವುದಕ್ಕೆ ಮುನ್ನ ಶಸ್ತ್ರಚಿಕಿತ್ಸೆಯೆಂದರೆ ರೋಗಿಯನ್ನು ನಾಲ್ವರು ಹಿಡಿದುಕೊಂಡು ಮಾಡುವ ಘೋರಕಾರ್ಯವಾಗಿದ್ದಿತು. 1846ನೆಯ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯನ್ನು ಉಸಿರಾಡಿಸಿ ನೋವಿಲ್ಲದ ಶಸ್ತ್ರಕ್ರಿಯೆಯನ್ನು ಸಭೆಯ ಮುಂದೆ ತೋರಿಸಿದನು. ಮರುವರ್ಷ ಎಡಿನ್‌ಬರೋದ ಸಿಮ್ಸನ್ ಎಂಬ ವೈದ್ಯನು ಕ್ಲೋರೊಫಾರಮನ್ನು ಹೆರಿಗೆಯಲ್ಲಿ ಬಳಸಿದನು. ಲೋಕವೆಲ್ಲ ಹರ್ಷಪಟ್ಟಿತು. ಆದರೆ 1848ನೆಯ ಜನವರಿಯಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯು, ಕಾಲ್ಬೆರಳಿನ ಉಗುರನ್ನು ತೆಗೆಯುವಷ್ಟು ಚಿಕ್ಕ ಕೆಲಸಕ್ಕಾಗಿ ಕ್ಲೋರೊಫಾರಂ ತೆಗೆದುಕೊಂಡು, ಕೆಲವೇ ನಿಮಿಷಗಳಲ್ಲಿ ಸತ್ತಳು. ನೋವನ್ನು ಅಳಿಸುವ ಮದ್ದೇ ಪ್ರಾಣವನ್ನೂ ಅಳಿಸಬಲ್ಲದೆಂಬುದು ಅಂದು ತಿಳಿದುಬಂದಿತು. ಆದಕಾರಣ ಮದ್ದು ಕೊಡುವುದಷ್ಟೇ ಸಾಲದು, ಕೊಟ್ಟ ಮೇಲೆ ರೋಗಿಯನ್ನು ಕಾಯುವುದು ಬೇರೊಂದು ವಿದ್ಯೆಯೆಂದು ಜನರು ಮೆಲ್ಲಗೆ ಅರಿತರು.

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಸಂಬಂಧವುಂಟು. ರಾಯಚೂರು ನಾಡು 1948ರ ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಲಿಂಗಸುಗೂರೆಂಬ ಪ್ರತ್ಯೇಕ ಜಿಲ್ಲೆಯೇ 1905ರ ವರೆಗೆ ಇದ್ದಿತು. ಆ ಸಂಸ್ಥಾನದ ರಾಜಧಾನಿಯಲ್ಲಿ 1888ರಲ್ಲಿಯೂ 1889ರಲ್ಲಿಯೂ ನಿಜಾಮರ ಧನಸಹಾಯದಿಂದ ಕ್ಲೋರೊಫಾರಮಿನ ಪರೀಕ್ಷೆಗಾಗಿ ಎರಡು ಮಂಡಲಿಗಳು ಕುಳಿತವು. ಅವುಗಳ ಮುಖಂಡರಾದ ಎಡ್ವರ್ಡ್ ಲಾರಿ ಎಂಬ ವೈದ್ಯರು, ಅಪಾಯವು ಬರುವುದು ಉಸಿರಿನ ಮೂಲಕವೇ ಹೊರತು ಹೃದಯದ ಮೂಲಕವಲ್ಲವೆಂದು ಸಾಧಿಸಿದರು. 1911ರಲ್ಲಿ ಲೆವಿ ಎಂಬ ವಿಜ್ಞಾನಿಯು ಕ್ಲೋರೊಫಾರಮು ಹೃದಯವನ್ನೂ ಥಟ್ಟನೆ ನಿಲ್ಲಿಸಬಲ್ಲದೆಂದು ತೋರಿಸಿದುದರಿಂದ ಆ ತೀರ್ಮಾನವು ನಿಲ್ಲಲಿಲ್ಲ. ಆದರೂ "ಉಸಿರನ್ನು ನೋಡುತ್ತಲೇ ಇರಬೇಕು" ಎಂಬ ಅವರ ಪಾಠವು ಇಂದಿಗೂ ಹಳೆಯದಾಗಿಲ್ಲ. ಅದೇ ಹೈದರಾಬಾದಿನ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯು ಅಲ್ಲಿಯ ಆಸ್ಪತ್ರೆಗಳಲ್ಲಿ ಕ್ಲೋರೊಫಾರಂ ಕೊಡುವ ಕೆಲಸವನ್ನೇ ಕೈಕೊಂಡಳು. ಲೋಕದಲ್ಲಿ ಈ ಕೆಲಸವನ್ನು ವೃತ್ತಿಯಾಗಿ ಹಿಡಿದ ಮೊದಲ ಸ್ತ್ರೀಯರಲ್ಲಿ ಆಕೆಯನ್ನು ಎಣಿಸುವರು. ಆಕೆಯು ವೈದ್ಯಳೇ ಹೊರತು ದಾದಿಯಲ್ಲ; ಆದರೂ ಹೆಣ್ಣಿನ ಕೈಯಲ್ಲಿ ಈ ಕೆಲಸವು ಭದ್ರವಾಗಿರುವುದೆಂಬುದಕ್ಕೆ ನಮ್ಮ ಹಳೆಯ ಸಂಸ್ಥಾನವೇ ಸಾಕ್ಷಿ.

ಇನ್ನು ದಾದಿಯರು ಇದರೊಳಗೆ ಹೇಗೆ ಬಂದರು? ಆ ಕಾಲದಲ್ಲಿ ಈಥರನ್ನು ಕೊಡಲು ಕಲಿಯುವ ಎಳೆಯ ವೈದ್ಯರನ್ನು ನಿಲ್ಲಿಸುತ್ತಿದ್ದರು. ಅವರ ಕೈ ರೋಗಿಯ ಮುಖದ ಮೇಲಿದ್ದರೂ ಕಣ್ಣು ಶಸ್ತ್ರವೈದ್ಯನ ಚಾಕುವಿನ ಮೇಲಿರುತ್ತಿದ್ದಿತು. ಏಕೆಂದರೆ ಅವರು ಕಲಿಯಬೇಕೆಂದಿದ್ದುದು ಅದನ್ನೇ. ರೋಗಿಯೊಬ್ಬನ ಮೇಲೆಯೇ ಮನಸ್ಸನ್ನಿಡುವವರು ಬೇಕೆಂದು ಶಸ್ತ್ರವೈದ್ಯರು ಹುಡುಕಿದಾಗ ಅವರಿಗೆ ದೊರೆತವರು ದಾದಿಯರು. 1877ರಲ್ಲಿ ಅಮೆರಿಕದ ಈರಿ ಪಟ್ಟಣದ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಸನ್ಯಾಸಿನಿಯು ಈ ಕೆಲಸವನ್ನು ವಹಿಸಿಕೊಂಡಳು. ಅನಂತರ ಮೇಯೋ ಸಹೋದರರ ಆಸ್ಪತ್ರೆಯಲ್ಲಿ ಆಲಿಸ್ ಮಗಾ ಎಂಬ ದಾದಿಯು ತಾನು ಕೊಟ್ಟ 14,000 ಅರಿವಳಿಕೆಗಳಲ್ಲಿ ಅದರಿಂದಲೇ ಆದ ಸಾವು ಒಂದೂ ಇಲ್ಲವೆಂದು 1906ರಲ್ಲಿ ವರದಿ ಮಾಡಿದಳು. ರೋಗಿಯೊಡನೆ ಮೆಲುದನಿಯಲ್ಲಿ ಮಾತಾಡಿ, ಧೈರ್ಯ ಹೇಳಿ, ಈಥರನ್ನು ತೊಟ್ಟು ತೊಟ್ಟಾಗಿ ಬೀಳಿಸುವುದೇ ಆಕೆಯ ಕ್ರಮವಾಗಿದ್ದಿತು. 1931ರಲ್ಲಿ ಅಗಾಥಾ ಹಾಜಿನ್ಸ್ ಎಂಬವಳು ಇಂಥ ದಾದಿಯರ ಸಂಘವನ್ನು ಕಟ್ಟಿದಳು. ನಮ್ಮ ದೇಶದ ಮಿಷನ್ ಆಸ್ಪತ್ರೆಗಳಲ್ಲಿಯೂ ವೈದ್ಯರು ಒಬ್ಬರೇ ಇದ್ದ ಕಡೆಗಳಲ್ಲಿ ಮುಖವಸ್ತ್ರದ ಮೇಲೆ ಈಥರನ್ನು ತೊಟ್ಟಿಕ್ಕಿಸುವ ಕೆಲಸವು ಬಹುಕಾಲ ದಾದಿಯ ಪಾಲಿಗೇ ಬಂದಿದ್ದಿತು.

ಈಗ ಕಾರಣಗಳನ್ನು ಒಂದೊಂದಾಗಿ ನೋಡುವ.

ಮೊದಲನೆಯದು, ಒಬ್ಬ ರೋಗಿಯ ಮೇಲೆ ಪೂರ್ಣ ಗಮನ. ವಾರ್ಡಿನಲ್ಲಿರುವ ದಾದಿಯು ಒಂದೇ ಹೊತ್ತಿನಲ್ಲಿ ಹಲವು ಮಂಚಗಳನ್ನು ನೋಡಬೇಕು. ಒಬ್ಬಳ ಮಾತು ಮುಗಿಯುವುದರೊಳಗೆ ಮತ್ತೊಬ್ಬಳು ಕರೆಯುವಳು. ಶಸ್ತ್ರಶಾಲೆಯಲ್ಲಾದರೋ ಆಕೆಗೆ ಒಬ್ಬಳೇ ರೋಗಿ. ತಾನು ಕಲಿತ ಶುಶ್ರೂಷೆಯನ್ನು ಕೊರತೆಯಿಲ್ಲದೆ ಮಾಡುವ ತೃಪ್ತಿ ಅಲ್ಲಿ ದೊರೆಯುವುದು.

ಎರಡನೆಯದು, ವಿದ್ಯೆಯ ಸವಿ. ಶಾಲೆಯಲ್ಲಿ ಓದಿದ ಹೃದಯ, ಶ್ವಾಸಕೋಶ, ನರಗಳ ಪಾಠವು ಇಲ್ಲಿ ಕಣ್ಣೆದುರಿಗೆ ಕೆಲಸಮಾಡುವುದು. ಹೆರಿಗೆಯ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಬೆನ್ನಿನಲ್ಲಿ ಸೂಜಿ ಕೊಟ್ಟು ಕೆಳಮೈಯನ್ನು ಮಾತ್ರ ಮರಗಟ್ಟಿಸುವರು. ತಾಯಿಯು ಎಚ್ಚರವಾಗಿದ್ದು ತನ್ನ ಕೂಸಿನ ಮೊದಲ ಅಳುವನ್ನು ಕೇಳುವಳು. ಆದರೆ ಆ ಸೂಜಿಯ ಹಿಂದೆಯೇ ರಕ್ತದ ಒತ್ತಡವು ಇಳಿಯುವುದುಂಟು; ತುಂಬಿದ ಗರ್ಭವು ದೊಡ್ಡ ರಕ್ತನಾಳವನ್ನು ಅದುಮುವುದರಿಂದ ಅದು ಇನ್ನೂ ಇಳಿಯುವುದು. ಆಗ ತಾಯಿಯನ್ನು ಸ್ವಲ್ಪ ಎಡಕ್ಕೆ ಓರೆಮಾಡಿ ಮಲಗಿಸಿ, ಒತ್ತಡವನ್ನು ಏರಿಸುವ ಮದ್ದನ್ನು ಸಿದ್ಧವಾಗಿರಿಸಬೇಕು. ಕಾರಣವನ್ನು ಅರಿತವಳ ಕೈ ಇಲ್ಲಿ ಹೇಳಿಸಿಕೊಳ್ಳದೆ ಓಡುವುದು.

ಮೂರನೆಯದು, ಭಯದ ಹೊತ್ತಿನಲ್ಲಿ ಜೊತೆ. ನಮ್ಮ ಹಳ್ಳಿಯ ಹೆಂಗಸಿಗೆ ಕೊಯ್ಯುವುದಕ್ಕಿಂತಲೂ ಮತ್ತಿನ ಭಯ ಹೆಚ್ಚು, "ಮತ್ತೆ ಎಚ್ಚರ ಆಗತೈತೋ ಇಲ್ಲೋ?" ಎಂದು ಕೇಳುವಳು. ಬಾಗಿಲಾಚೆ ಗಂಡನೂ ಅತ್ತೆಯೂ ನಿಲ್ಲುವರು. ಒಳಗೆ ಆಕೆಯ ಕೈ ಹಿಡಿದು, ಆಕೆಯ ಮಾತಿನಲ್ಲಿಯೇ ಧೈರ್ಯ ಹೇಳುವವಳು ದಾದಿಯೊಬ್ಬಳೇ.

ನಾಲ್ಕನೆಯದು, ಜೀವನೋಪಾಯ. ಇದನ್ನು ಹೇಳಲು ನಾಚಬೇಕಾದುದಿಲ್ಲ. ಅಮೆರಿಕದಲ್ಲಿ ಅರಿವಳಿಕೆಯ ದಾದಿಯರು ಆ ವೃತ್ತಿಯವರಲ್ಲೆಲ್ಲ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನಲ್ಲಿರುವರು. ಎಲ್ಲಿಯೇ ಆಗಲಿ, ವಿಶೇಷ ವಿದ್ಯೆಯುಳ್ಳ ದಾದಿಗೆ ಮನೆಯವರೂ ಊರವರೂ ಹೆಚ್ಚಿನ ಮರ್ಯಾದೆ ಕೊಡುವರು.

ಐದನೆಯದೂ ನನ್ನ ಮತದಲ್ಲಿ ಮುಖ್ಯವಾದುದೂ, ತನ್ನ ಜನರ ಬದುಕನ್ನು ಬಲ್ಲವಳಿಂದಾಗುವ ಉಪಕಾರ. ಸಿಂಧನೂರಿನ ಗದ್ದೆಗಳಲ್ಲಿ ಭತ್ತಕ್ಕೆ ಎಣ್ಣೆ ಹೊಡೆಯುವುದನ್ನು ನೋಡದವರಾರು? ಆ ಕೀಟನಾಶಕಗಳಲ್ಲಿ ಕೆಲವು ಜಾತಿಯವು ಮೈಗೆ ಸೇರಿದರೆ, ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಮದ್ದಿನ ಪರಿಣಾಮವು ನಿಮಿಷಗಳಿಗೆ ಮುಗಿಯದೆ ಗಂಟೆಗಟ್ಟಲೆ ನಿಲ್ಲಬಹುದು. ಅಷ್ಟು ಹೊತ್ತೂ ರೋಗಿಯು ತಾನಾಗಿ ಉಸಿರಾಡಲಾರನು. "ಇತ್ತೀಚೆಗೆ ಎಣ್ಣಿ ಹೊಡೆದೀರೇನು?" ಎಂಬ ಒಂದು ಪ್ರಶ್ನೆಯು ಪ್ರಾಣ ಉಳಿಸೀತು. ಹಟ್ಟಿಯ ಚಿನ್ನದ ಗಣಿಯಂಥ ಕಡೆ ದುಡಿದವನ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕುಳಿತಿರಬಹುದೆಂದು ಎಣಿಸಿ ಆತನ ಉಸಿರಾಟವನ್ನು ಮೊದಲೇ ವಿಚಾರಿಸಬೇಕು. ಹಸಿದ ಹೊಟ್ಟೆಯಲ್ಲಿ ಬರಬೇಕೆಂದರೆ "ರೊಟ್ಟಿ ತಿಂದಿಲ್ಲ" ಎನ್ನುವರು, ಆದರೆ ಚಹಾ ಹಾಲು ಕುಡಿದಿರುವರು. ಅದು ವಾಂತಿಯಾಗಿ ಶ್ವಾಸನಾಳಕ್ಕೆ ಇಳಿದರೆ ಅನಾಹುತ. ಪರವೂರಿನವರಿಗೆ ಹೊಳೆಯದ ಇಂಥ ಪ್ರಶ್ನೆಗಳು ಊರಿನ ಮಗಳಿಗೆ ತಾವಾಗಿಯೇ ಹೊಳೆಯುವುವು.

ಇದರ ಕಷ್ಟಗಳನ್ನು ಮುಚ್ಚಿಡುವುದು ತಪ್ಪು. ನಡುರಾತ್ರಿಯಲ್ಲಿ ಕರೆ ಬರುವುದು, ಗಂಟೆಗಟ್ಟಲೆ ನಿಲ್ಲಬೇಕು, ಗುಣವಾದ ರೋಗಿಯು ಶಸ್ತ್ರವೈದ್ಯರನ್ನು ಹರಸುವಳೇ ಹೊರತು, ನಿದ್ರೆಯಲ್ಲಿ ತನ್ನನ್ನು ಕಾಯ್ದವಳನ್ನು ನೆನೆಯಲಾರಳು. ಮೇಲಾಗಿ ಹಕ್ಕಿನ ಮಾತೊಂದಿರುವುದು. ಅಮೆರಿಕದಲ್ಲಿ ದಾದಿಯು ಕನಿಷ್ಠ ಒಂದು ವರ್ಷ ತೀವ್ರನಿಗಾ ಘಟಕದಲ್ಲಿ ದುಡಿದು, ಬಳಿಕ ಸುಮಾರು ಮೂರು ವರ್ಷ ಓದಿ, ಡಾಕ್ಟರೇಟ್ ಪದವಿ ಪಡೆದು ತಾನೇ ಅರಿವಳಿಕೆ ಕೊಡಬಹುದು. ಹೊಸದಾಗಿ ಸೇರುವವರಿಗೆ 2022ರಿಂದ ಆ ಪದವಿಯು ಕಡ್ಡಾಯ. ಸ್ವೀಡನ್ನಿನಲ್ಲಿಯೂ ವಿಶೇಷ ತರಬೇತಾದ ದಾದಿಯರು ಈ ಕೆಲಸದಲ್ಲಿರುವರು. ನಮ್ಮ ದೇಶದಲ್ಲಾದರೋ ಅರಿವಳಿಕೆಯ ಹೊಣೆಯು ವೈದ್ಯರದು. ತಜ್ಞರು ಸಾಲದ ಕಡೆಗಳಿಗಾಗಿ ಸರಕಾರವು ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಪ್ರಾಣರಕ್ಷಕ ಅರಿವಳಿಕೆಯ ಶಿಕ್ಷಣವನ್ನು ಏರ್ಪಡಿಸಿತೇ ಹೊರತು ದಾದಿಗೆ ಆ ಹಕ್ಕನ್ನು ಕೊಡಲಿಲ್ಲ. ಹೀಗಿರುವಲ್ಲಿ ಇಲ್ಲಿಯ ದಾದಿಯು ತಜ್ಞರ ಬಲಗೈಯಾಗಿ ನಿಲ್ಲುವಳು: ಮದ್ದನ್ನು ಸಿದ್ಧಪಡಿಸುವುದು, ಯಂತ್ರವನ್ನು ಪರೀಕ್ಷಿಸುವುದು, ಎಚ್ಚರವಾಗುವ ಕೋಣೆಯಲ್ಲಿ ಉಸಿರು ನಾಡಿಗಳನ್ನು ಕಾಯುವುದು ಆಕೆಯ ಪಾಲು.

ಇದನ್ನು ಬಯಸುವ ಹುಡುಗಿಗೆ ದಾರಿಯುಂಟು. ದಾದಿಯ ಶಿಕ್ಷಣವನ್ನು ಮುಗಿಸಿದ ಬಳಿಕ ಭಾರತೀಯ ಶುಶ್ರೂಷಾ ಪರಿಷತ್ತಿನ ಕ್ರಮದಂತೆ ಶಸ್ತ್ರಶಾಲೆಯ ಶುಶ್ರೂಷೆಯಲ್ಲಾಗಲಿ ತೀವ್ರನಿಗಾ ಶುಶ್ರೂಷೆಯಲ್ಲಾಗಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ ಪಡೆಯಬಹುದು. ದಾದಿಯಾಗದೆ ನೇರವಾಗಿ ಈ ಕೆಲಸಕ್ಕೇ ಹೋಗಬೇಕೆನ್ನುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಅರಿವಳಿಕೆ ತಂತ್ರಜ್ಞಾನದ ಬಿ.ಎಸ್‌ಸಿ. ಇರುವುದು. ಇನ್ನೂ ಓದುವ ಶಕ್ತಿಯುಳ್ಳವಳು ವೈದ್ಯಳೇ ಆಗಿ ಅರಿವಳಿಕೆಯ ತಜ್ಞೆಯಾಗಲಿ. ಅದಕ್ಕಿಂತ ದೊಡ್ಡ ಉಪಕಾರವನ್ನು ನಮ್ಮ ತಾಲೂಕುಗಳು ಬೇಡಲಾರವು.

ಆದುದರಿಂದ, ಎಳೆಯ ಸೋದರಿಯರೇ, ಇಂದಿನ ಪಾಠಗಳನ್ನು ಹಗುರವಾಗಿ ಎಣಿಸಬೇಡಿರಿ. ರೋಗಿಯ ತೂಕಕ್ಕೆ ತಕ್ಕಂತೆ ಮಿಲಿಗ್ರಾಮುಗಳನ್ನು ಎಣಿಸುವಲ್ಲಿ ದಶಮಾಂಶದ ಚುಕ್ಕೆ ಒಂದು ಸ್ಥಾನ ಜರುಗಿದರೆ ಮದ್ದು ಹತ್ತುಪಟ್ಟಾಗುವುದು. ಕರಿಹಲಗೆಯ ಮೇಲಿನ ಆ ಚಿಕ್ಕ ಚುಕ್ಕೆಯನ್ನು ಈಗ ಜಾಗರೂಕತೆಯಿಂದ ಇಡಲು ಕಲಿತವಳ ಕೈಯಲ್ಲಿ, ಮುಂದೊಂದು ರಾತ್ರಿ, ಮಸ್ಕಿಯ ಕಡೆಯಿಂದ ಬಂದ ಒಬ್ಬ ತಾಯಿಯು ನಿರ್ಭಯಳಾಗಿ ಮಲಗಿ, ಕೂಸಿನೊಡನೆ ಮನೆಗೆ ಮರಳುವಳು.