ಕೀಲಿಯ ಸದ್ದು ಬೆರಳಿಗೆ ಹೇಳುವುದೇನು?

ಸಂಡೂರು: ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಮೂಡಿಸಲು 6 ಬಾರಿ ಕೀಲಿ ಒತ್ತಬೇಕು. ಜೊತೆಗೆ ಒಮ್ಮೆ ಶಿಫ್ಟ್ ಹಿಡಿಯಬೇಕು. ಪ್ರತಿ ಒತ್ತಕ್ಷರಕ್ಕೂ ಎಫ್ ಕೀಲಿಯ ನೆರವು ಅಗತ್ಯ. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಅರ್ಜಿ, ಕರಾರುಪತ್ರ ಬೆರಳಚ್ಚು ಮಾಡುವವರಿಗೆ ಕೀಲಿಮಣೆಯ ಆಯ್ಕೆ ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಅದು ಬೆರಳುಗಳ ಆಯಾಸಕ್ಕೂ ಸಂಬಂಧಿಸಿದ್ದು.

ಅಗ್ಗದ ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೂ ರಬ್ಬರಿನ ಪುಟ್ಟ ಗುಮ್ಮಟವಿರುತ್ತದೆ. ಅದು ಪೂರ್ಣ ಕುಸಿದಾಗಲೇ ಅಕ್ಷರ ದಾಖಲಾಗುವುದರಿಂದ ಬೆರಳು ಪ್ರತಿ ಸಲವೂ ತಳಕ್ಕೆ ಬಡಿಯುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಾದರೋ ಪ್ರತಿ ಕೀಲಿಗೂ ಸ್ಪ್ರಿಂಗ್ ಸಹಿತವಾದ ಪ್ರತ್ಯೇಕ ಸ್ವಿಚ್ಚು ಇದ್ದು, ನಡುದಾರಿಯಲ್ಲೇ ಅಕ್ಷರ ದಾಖಲಾಗುತ್ತದೆ. ‘ಕ್ಲಿಕ್’ ಸದ್ದು ಆ ಕ್ಷಣವನ್ನು ಬೆರಳಿಗೂ ಕಿವಿಗೂ ತಿಳಿಸುತ್ತದೆ.

ಈ ವರ್ಗದಲ್ಲಿ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚು ಪ್ರಸಿದ್ಧ. ಭಾರತದ ಕಚೇರಿಗಳಲ್ಲಿ ಹೆಸರಾದ ಟಿವಿಎಸ್ ಗೋಲ್ಡ್ ಕೀಲಿಮಣೆಯ ‘ಟಿಕ್ ಟಿಕ್’ ಸದ್ದಿನ ಮೂಲವೂ ಇದೇ ಆಗಿತ್ತು. ಒಟ್ಟು 4 ಮಿ.ಮೀ. ಚಲನೆಯಲ್ಲಿ 2.2 ಮಿ.ಮೀ. ಇಳಿದಾಗ ಅಕ್ಷರ ದಾಖಲಾಗುತ್ತದೆ. ಒಳಗಿನ ಬಿಳಿ ಪ್ಲಾಸ್ಟಿಕ್ ತುಂಡು ತಟ್ಟನೆ ಕೆಳಗೆ ಜಾರಿ ಸದ್ದು ಮಾಡುತ್ತದೆ.

ಕೈಲ್ ಕಂಪನಿಯ ಬಾಕ್ಸ್ ವೈಟ್ ಸ್ವಿಚ್ಚಿನಲ್ಲಿ ಸದ್ದು ಹೊರಡುವುದು ತೆಳುವಾದ ತಂತಿಯಿಂದ. ಅದರ ದನಿ ಚುರುಕು. ಒತ್ತುವಾಗಲೂ ಬಿಡುವಾಗಲೂ ಕೇಳಿಸುತ್ತದೆ. ವಿದ್ಯುತ್ ಸಂಪರ್ಕದ ಭಾಗವನ್ನು ಪೆಟ್ಟಿಗೆಯಂತೆ ಮುಚ್ಚಿರುವುದರಿಂದ ಧೂಳು ಸುಲಭವಾಗಿ ಒಳಸೇರದು. ಕಬ್ಬಿಣದ ಅದಿರಿನ ಕೆಂಧೂಳು ಮೇಜಿನ ಮೇಲೂ ಕೂರುವ ಸಂಡೂರಿನಂತಹ ಊರುಗಳಲ್ಲಿ ಇದು ಗಮನಿಸಬೇಕಾದ ಅಂಶ.

1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಲಿಮಣೆಯದು ಬೇರೆಯೇ ತಂತ್ರ. ಒತ್ತಿದಾಗ ಸ್ಪ್ರಿಂಗ್ ಪಕ್ಕಕ್ಕೆ ಬಾಗಿ ಬಡಿಯುತ್ತದೆ. ಸದ್ದೂ ಅಕ್ಷರವೂ ಒಟ್ಟಿಗೇ ಮೂಡುತ್ತವೆ. ಒತ್ತಡ ಹೆಚ್ಚು ಬೇಕು, ಸದ್ದೂ ಗಡುಸು. ಬೆರಳಚ್ಚು ಯಂತ್ರದಲ್ಲಿ ಪಳಗಿದ ಕೈಗಳಿಗೆ ಇದು ಒಗ್ಗೀತು.

ಆದರೆ ಒಂದೇ ಕೊಠಡಿಯಲ್ಲಿ ನಾಲ್ವರು ಕೆಲಸ ಮಾಡುವೆಡೆ ಈ ಸದ್ದು ಪಕ್ಕದವರಿಗೆ ಕಿರಿಕಿರಿಯಾಗಬಹುದು. ಅಂತಹ ಕಡೆ ಚೆರ್ರಿಯ ಕಂದು ಸ್ವಿಚ್ಚು ಲೇಸು. ಅದರಲ್ಲಿ ನಡುವೆ ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ, ಕ್ಲಿಕ್ ಸದ್ದಿಲ್ಲ. ಕೆಂಪು ಸ್ವಿಚ್ಚಿನಲ್ಲಿ ಉಬ್ಬೂ ಇಲ್ಲ, ಕ್ಲಿಕ್ ಕೂಡ ಇಲ್ಲ.

ಹೊರಗಿನ ಹೆಸರೊಂದನ್ನೇ ನಂಬದೆ, ಒಳಗಿರುವ ಸ್ವಿಚ್ಚು ಯಾವುದೆಂದು ಕೇಳಿ, ಒತ್ತಿ ನೋಡಿ ಕೊಳ್ಳುವುದು ಒಳಿತು. ಕ್ಲಿಕ್ ಕೇಳಿದೊಡನೆ ಬೆರಳನ್ನು ಹಿಂತೆಗೆಯುವುದು ರೂಢಿಯಾದರೆ ಮಾತ್ರ ಶ್ರಮ ಉಳಿಯುತ್ತದೆ. ಹಳೆಯ ಅಭ್ಯಾಸದಂತೆ ತಳಕ್ಕೇ ಬಡಿದರೆ, ಹೆಚ್ಚಿನ ಬೆಲೆ ತೆತ್ತು ಸದ್ದನ್ನಷ್ಟೇ ಕೊಂಡಂತಾದೀತು.