ತೂಗುಕುಂಡದ ಗಿಡಗಳನ್ನು ಹಿಮದಿಂದ ಕಾಪಾಡೋಣ

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಿಮದ ಕಾಟ. ಚಾಮರಾಜನಗರ, ಮೈಸೂರು ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರಿಗೆ ಇದು ಹೊಸದು. ಸಂಜೆ ನಳನಳಿಸುತ್ತಿದ್ದ ಗಿಡ ಬೆಳಗಾಗುವಷ್ಟರಲ್ಲಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತದೆ.

ಮೇ ತಿಂಗಳ ಪ್ರವಾಸಿಗರ ಕಾಲಕ್ಕೆಂದು ತೂಗುಕುಂಡಗಳಲ್ಲಿ ಬಿಗೋನಿಯಾ, ಫ್ಯೂಷಿಯಾ ಬೆಳೆಸಿ ನಾಲ್ಕು ಕಾಸು ಸಂಪಾದಿಸುವ ತಾಯಂದಿರಿಗೆ ಇಂಥ ಒಂದು ರಾತ್ರಿ ಬಂದರೆ ಸಂಘದ ಸಾಲದ ಕಂತು ಕಟ್ಟೋದು ಹೇಗೆ ಅನ್ನೋ ಚಿಂತೆ. ‘ಜನವರಿ ಕಳೀತಲ್ಲ, ಇನ್ನೇನು ಭಯ’ ಅಂತ ಮೈಮರೆಯುವುದು ಬೇಡ. ಫೆಬ್ರವರಿಯ ಎಳೆ ಚಿಗುರಿಗೆ ಹಿಮ ತಡೆಯುವ ಶಕ್ತಿ ಇರುವುದಿಲ್ಲ.

ಹಿಮ ಕಟ್ಟುವುದು ಹೇಗೆ?

ಈ ಹಿಮ ಮಳೆಯ ಹಾಗೆ ಮೇಲಿಂದ ಬೀಳುವುದಲ್ಲ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ಎಲೆಗಳು ತಮ್ಮ ಶಾಖವನ್ನು ಬರಿ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ. ಆದ್ದರಿಂದ ಥರ್ಮಾಮೀಟರ್ 3 ಡಿಗ್ರಿ ತೋರಿಸುತ್ತಿದ್ದರೂ ಎಲೆಯ ಮೇಲೆ ಹಿಮ ಕಟ್ಟಬಹುದು. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿದರೆ ಗಿಡ ಸಾಯುತ್ತದೆ. ನೆಲದ ಗಿಡದ ಬೇರಿಗೆ ಭೂಮಿಯ ಬಿಸುಪು ಉಂಟು. ತೂಗುಕುಂಡದ ಸ್ವಲ್ಪ ಮಣ್ಣಿಗೆ ಸುತ್ತಲೂ ತಣ್ಣನೆ ಗಾಳಿಯೇ.

ನಾವು ಮಾಡಬೇಕಾದ್ದು

1. ಸಂಜೆ ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ ಕುಂಡಗಳನ್ನು ಇಳಿಸಿ ಮನೆಯೊಳಗೋ ಕೊಟ್ಟಿಗೆಗೋ ಸೇರಿಸಿ. ತಗ್ಗಿನಲ್ಲಿ ಇಡಬೇಡಿ, ತಣ್ಣನೆ ಗಾಳಿ ನೀರಿನಂತೆ ಹರಿದು ಅಲ್ಲೇ ನಿಲ್ಲುತ್ತದೆ.

2. ಒಳಗೆ ಜಾಗ ಇಲ್ಲವೇ? ಸೂರಿನ ಕೆಳಗೆ ಗೋಡೆಗೆ ಒತ್ತಾಗಿ ಜೋಡಿಸಿ, ಸೂರ್ಯ ಮುಳುಗುವ ಮುಂಚೆಯೇ ಹಳೇ ಸೀರೆ, ದುಪ್ಪಟಿ ಅಥವಾ ಗೋಣಿತಾಟು ಹೊದಿಸಿ. ತಡಮಾಡಿದರೆ ಹಿಡಿದಿಡಲು ಶಾಖವೇ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಹಾಳೆಯಾದರೆ ಕೋಲು ಕೊಟ್ಟು ಎಲೆಗೆ ತಾಗದಂತೆ ಕಟ್ಟಿ; ತಾಗಿದ ಕಡೆ ಎಲೆ ಸುಟ್ಟುಹೋಗುತ್ತದೆ.

3. ಮಣ್ಣು ಒಣಗಿದ್ದರೆ ಹಗಲಿನಲ್ಲೇ ನೀರು ಹಾಕಿ. ಒಣಮಣ್ಣಿಗಿಂತ ಹಸಿಮಣ್ಣು ಹೆಚ್ಚು ಶಾಖ ಹಿಡಿದಿಡುತ್ತದೆ. ಸಂಜೆ ಎಲೆಗಳನ್ನು ತೋಯಿಸಬೇಡಿ.

4. ಬೆಳಗ್ಗೆ ಹಿಮ ಕರಗಿದ ಮೇಲೆ ಹೊದಿಕೆ ತೆಗೆಯಿರಿ. ಹಿಮ ಹಿಡಿದ ಗಿಡವನ್ನು ಕೂಡಲೇ ಬಿಸಿಲಿಗೆ ಇಡಬೇಡಿ.

5. ಚಳಿಗಾಲದಲ್ಲಿ ಯೂರಿಯಾ ಬೇಡ. ಅದು ಎಳೆ ಚಿಗುರು ತರಿಸಿ ಹಿಮದ ಬಾಯಿಗೆ ಕೊಡುತ್ತದೆ.

ಇಷ್ಟಾದರೂ ಗಿಡ ಕರಕಲಾದರೆ ಕೂಡ್ಲೆ ಕಿತ್ತು ಎಸೆಯಬೇಡಿ, ಕತ್ತರಿಸಲೂ ಬೇಡಿ. ಒಣಗಿದ ತುದಿಗಳೇ ಕೆಳಗಿನ ಮೊಗ್ಗಿಗೆ ಮರೆಯಾಗುತ್ತವೆ. ಹಿಮದ ಕಾಲ ಮುಗಿದ ಮೇಲೆ ಬುಡದ ಕಾಂಡವನ್ನು ಉಗುರಿನಿಂದ ಗೀರಿ ನೋಡಿ; ಹಸಿರು ಕಂಡರೆ ಜೀವ ಇದೆ, ಮತ್ತೆ ಚಿಗುರುತ್ತದೆ.

1848ರಲ್ಲಿ ಆರಂಭವಾದ ಇಲ್ಲಿನ ಸರ್ಕಾರಿ ಸಸ್ಯೋದ್ಯಾನದಲ್ಲೂ ಚಳಿಗಾಲದಲ್ಲಿ ಎಳೆ ಗಿಡಗಳಿಗೆ ಹೊದಿಕೆ ಹಾಕುತ್ತಾರೆ. ನಮ್ಮ ಮನೆಯಲ್ಲೂ ಮೂಲೆಯಲ್ಲಿ ಬಿದ್ದಿರುವ ಹಳೇ ಬಟ್ಟೆಯೇ ಸಾಕು, ಕಾಸಿನ ಖರ್ಚಿಲ್ಲ. ವಯಸ್ಸಾದವರು, ಒಬ್ಬರೇ ಇರುವವರು ಕುಂಡ ಇಳಿಸಲು ಕಷ್ಟಪಡುತ್ತಾರೆ. ನಮ್ಮದನ್ನು ಇಳಿಸಿದ ಮೇಲೆ ಅವರ ಅಂಗಳದ ಕಡೆಗೂ ಒಮ್ಮೆ ಹೋಗಿ ಬರೋಣ.