ಎಣ್ಣೆಬಟ್ಟೆಯ ಮೊದಲ ಪಾಠ

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿರುವ ಬ್ಯಾರಿಯ ಗುಜರಿ ಅಂಗಳಕ್ಕೆ, ಒಡೆದು ಮಾರುವುದಕ್ಕೆಂದು ಬಂದ ಉಗಿ ಎಂಜಿನ್ನುಗಳು 297. ಅವುಗಳಲ್ಲಿ 213 ಕುಲುಮೆಯ ಪಾಲಾಗದೆ ಉಳಿದುವೆಂದರೆ ಅದು ಹವ್ಯಾಸಿಗಳ ಸಾಹಸ. ಬ್ರಿಟಿಷ್ ರೈಲ್ವೆಯು ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿಯ ಓಟವನ್ನು ನಿಲ್ಲಿಸಿದ 1968ರಲ್ಲಿಯೇ ಮೊದಲನೆಯದು ಹೊರಬಿದ್ದಿತು. ಕಾಸಿಗೆ ಕಾಸು ಕೂಡಿಸಿ ಕೊಂಡವರು ತಮ್ಮ ರಜಾದಿನಗಳನ್ನೂ ಅವಕ್ಕೇ ತೆತ್ತರು.

ಆ ಪೀಳಿಗೆಗೆ ಈಗ ಮುಪ್ಪು. ಕೆಲಸವೋ ಮುಗಿಯುವಂಥದಲ್ಲ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಎಂಜಿನ್ನನ್ನು ಬಿಚ್ಚಿ, ಬಾಯ್ಲರಿನ ಕೊಳವೆಗಳನ್ನು ತೆಗೆದು ಪರೀಕ್ಷಿಸಬೇಕು. ಯಾವ ರಿವೆಟ್ಟು ಸಡಿಲವೆಂಬುದನ್ನು ಸುತ್ತಿಗೆಯ ಸದ್ದಿನಿಂದಲೇ ಅರಿಯುವ ಕಿವಿ ಪುಸ್ತಕದಿಂದ ಬರುವುದುಂಟೆ?

ಆದುದರಿಂದಲೇ ಹವ್ಯಾಸಿಗಳು ನಡೆಸುವ ಅಲ್ಲಿನ ರೈಲುಮಾರ್ಗಗಳು ತರುಣರನ್ನು ಆದರದಿಂದ ಬರಮಾಡಿಕೊಳ್ಳುತ್ತವೆ. ಹತ್ತಿರದ ಮಾರ್ಗದ ಸಂಘಕ್ಕೆ ಸದಸ್ಯನಾಗಿ, ವಾರದ ಕೊನೆಯ ಕೆಲಸಕ್ಕೆ ಹಾಜರಾದರಾಯಿತು. ಹುಡುಗಿಯರೂ ಹಿಂದೆ ಬಿದ್ದಿಲ್ಲ. ಎಳೆಯರಿಗೆ ಹಲವೆಡೆ ಬೇರೆ ತಂಡಗಳೇ ಇವೆ. ಗರಡಿಗೆ ಸೇರಿದವನು ಮೊದಲು ಮಣ್ಣು ಹದಮಾಡುವಂತೆ, ಇಲ್ಲಿಯೂ ಮೊದಲ ಪಾಠ ಎಣ್ಣೆಬಟ್ಟೆಯದು. ಒರೆಸುವವನಿಗೆ ಬಿರುಕು ಕಾಣುತ್ತದೆ, ಒಂದೊಂದು ಕೀಲಿನ ಹೆಸರೂ ತಿಳಿಯುತ್ತದೆ. ಅನಂತರ ಬೆಳಗಿನ ಜಾವದಲ್ಲಿ ಎಂಜಿನ್ನಿನ ಒಲೆ ಹೊತ್ತಿಸುವುದು. ಪರೀಕ್ಷೆ ಗೆದ್ದರೆ ಫೈರ್‌ಮನ್ ಪದವಿ. ಡ್ರೈವರನ ಸ್ಥಾನಕ್ಕೆ ಇನ್ನೂ ವರ್ಷಗಳ ದೂರ. ಸಂಬಳವಂತೂ ಇಲ್ಲವೇ ಇಲ್ಲ, ಸದಸ್ಯತ್ವದ ಹಣವೂ ಕೈಯಿಂದಲೇ!

ಬ್ಯಾರಿಯಿಂದ ಪಾರಾಗಿ ಬಂದ ಎಂಜಿನ್ನುಗಳಲ್ಲಿ ಕೆಲವು ಇಂಥ ಕೈಗಳಿಗಾಗಿ ಇನ್ನೂ ತುಕ್ಕು ಹೊದ್ದು ನಿಂತಿವೆ.